ಏಳು ತಟ್ಟೆ ಹುಳ ಮತ್ತು ಅಕ್ಕನ ಕಾಲ್ಗುಣ

ಹದಿನಾಲ್ಕನೆಯ ವಯಸ್ಸಿನಲ್ಲಿ ನನ್ನ ಹತ್ತಿರ ಎರಡು ಪುಸ್ತಕಗಳಿದ್ದವು. ದಪ್ಪನೆಯದು ದಿನಚರಿ: ತಾರೀಖು, ವಾರ, ಮೋಡ ಇತ್ತೇ ಇಲ್ಲವೇ, ತೋಟದಿಂದ ಎಷ್ಟು ಕಟ್ಟು ಎಲೆ ಬಂತು, ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು. ತೆಳ್ಳನೆಯದರಲ್ಲಿ ತಾವಾಗಿ ಒಂದಕ್ಕೊಂದು ಕೂಡಿಬಂದ ಸಂಗತಿಗಳನ್ನು ಮಾತ್ರ ಬರೆಯುತ್ತಿದ್ದೆ. ಅವ್ವ ಚಿಕ್ಕಮ್ಮನ ನೆನಪು ಮಾಡುತ್ತಿರುವಾಗಲೇ ಚಿಕ್ಕಮ್ಮನ ಕಾಗದ ಬಂದದ್ದು. ಕನಸಿನಲ್ಲಿ ಬಿಳಿ ಕರು ಕಂಡ ಬೆಳಿಗ್ಗೆ ಪಕ್ಕದ ಮನೆಯ ಹಸು ಈದದ್ದು. ಹನೂರಿನಿಂದ ಒಬ್ಬರು, ಸತ್ತೇಗಾಲದಿಂದ ಒಬ್ಬರು, ಒಬ್ಬರಿಗೊಬ್ಬರು ಗುರುತಿಲ್ಲದವರು, ಒಂದೇ ಗಳಿಗೆಯಲ್ಲಿ ನಮ್ಮ ಬಾಗಿಲಿಗೆ ಬಂದು ಹನ್ನೆರಡು ಹನ್ನೆರಡು ಕಟ್ಟು ಎಲೆ ಕೇಳಿದ್ದು. ಐದು ತಿಂಗಳಲ್ಲಿ ಮೂವತ್ತೊಂದು ಸೇರಿದ್ದವು.

ಆ ಪುಸ್ತಕದ ತಲೆಗೆ ಯಾವ ಪದ ಬರೆಯಬೇಕೆಂದು ಒಂದು ವಾರ ಯೋಚಿಸಿದ್ದೆ. ಶಾಲೆಯ ಮೇಷ್ಟರನ್ನು ಕೇಳಿದರೆ ‘ಕಾಕತಾಳೀಯ’ ಎಂದರು. ತಾಳೆಮರದ ಮೇಲೆ ಕಾಗೆ ಬಂದು ಕೂತಿತು, ಆ ಹೊತ್ತಿಗೇ ಹಣ್ಣು ಬಿತ್ತು. ಕಾಗೆಯಿಂದ ಹಣ್ಣು ಬೀಳಲಿಲ್ಲ, ಹಣ್ಣಿಗಾಗಿ ಕಾಗೆ ಬರಲಿಲ್ಲ ಎಂದು ಬಿಡಿಸಿ ಹೇಳಿದರು. ನಮ್ಮ ತೋಟದ ಏರಿಯ ಮೇಲೆ ಒಂದು ತಾಳೆಮರವಿತ್ತು. ಮೂರು ಸಂಜೆ ಅದರ ಕೆಳಗೆ ಕೂತು ಎಣಿಸಿದೆ. ಹತ್ತೊಂಬತ್ತು ಕಾಗೆಗಳು ಬಂದು ಕೂತವು, ಒಂದು ಹಣ್ಣೂ ಬೀಳಲಿಲ್ಲ. ಮೇಷ್ಟರ ಪದ ಸರಿಯಿರಬಹುದು, ಆದರೆ ಅದರಲ್ಲಿ ಏನೋ ಒಣಗಿದ ಹಾಗಿತ್ತು. ಅವ್ವ ಇಂಥದ್ದಕ್ಕೆಲ್ಲ ‘ಯೋಗಾಯೋಗ’ ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ಕಣ್ಣು ಒಂದು ಗಳಿಗೆ ಎಲ್ಲೋ ದೂರದಲ್ಲಿ ನಿಂತು ಮತ್ತೆ ಮನೆಗೆ ಬರುತ್ತಿತ್ತು. ನಾನು ಆ ಪದವನ್ನೇ ಬರೆದುಕೊಂಡೆ.

ಕೊಳ್ಳೇಗಾಲದ ಹೊರಗೆ, ಕಾಲುವೆ ಬದಿಯಲ್ಲಿ ನಮ್ಮ ವೀಳ್ಯದೆಲೆ ತೋಟ. ಅಪ್ಪ ಕೊಯ್ಯಿಸಿ ತಂದ ಎಲೆಯನ್ನು ಅಕ್ಕ ನೂರು ನೂರಾಗಿ ಎಣಿಸಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಬುಟ್ಟಿಯ ಎಲೆ ಬಾಡದ ಹಾಗೆ ಆಗಾಗ ನೀರು ಚಿಮುಕಿಸುವುದು ನನ್ನ ಕೆಲಸ. ಬುದ್ಧಿ ತಿಳಿದಾಗಿನಿಂದ ನನ್ನ ಕೈ ಮಾಡಿದ್ದು ಅದನ್ನೇ. ಬಾಡಿದ ಎಲೆ ಕಂಡರೆ ಕೈ ತಾನಾಗಿ ಚೆಂಬಿಗೆ ಹೋಗುತ್ತಿತ್ತು.

ಅಕ್ಕನಿಗೆ ಹದಿನೆಂಟು. ಯಳಂದೂರಿನ ಪಕ್ಕದ ಹಳ್ಳಿಯ ಒಂದು ಸಂಬಂಧವನ್ನು ಅವ್ವನ ತಮ್ಮ, ನಮ್ಮ ಮಾವ, ಹಿಡಿದು ತಂದರು. ಆಗ ನಮ್ಮದು ಮದರಾಸಿನ ಕಡೆಯ ತಾಲ್ಲೂಕು, ಅವರದು ಮೈಸೂರು ಸೀಮೆ. ಗಾಡಿಯಲ್ಲಿ ಅರ್ಧ ದಿನದ ದಾರಿಯಾದರೂ ಬೇರೆ ದೇಶಕ್ಕೆ ಹೆಣ್ಣು ಕೊಟ್ಟ ಹಾಗೆ ನೆರೆಯವರು ಮಾತಾಡಿದರು. ಅವರದು ರೇಷ್ಮೆಹುಳ ಸಾಕುವ ಮನೆ. ಹೆಣ್ಣು ನೋಡಲು ಬಂದ ದಿನ ಎಲ್ಲರೂ ಹಜಾರದಲ್ಲಿ ಮಾತಾಡುತ್ತಿದ್ದಾಗ ಹುಡುಗ ಮಾತ್ರ ತೋಟದೊಳಗೆ ಹೋಗಿ ಬಳ್ಳಿಗಳನ್ನು ಆಸರೆಗೆ ಕಟ್ಟಿದ ಗಂಟುಗಳನ್ನು ನೋಡುತ್ತ ನಿಂತಿದ್ದ. ನೀರು ಕೊಡಲು ಹೋದ ಅಕ್ಕನನ್ನು, ‘ಈ ಗಂಟೆಲ್ಲ ನೀವು ಕಟ್ಟಿದ್ದಾ?’ ಎಂದು ಕೇಳಿದನಂತೆ. ಅಕ್ಕ ‘ಹೂಂ’ ಎಂದಳಂತೆ. ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಅಂದಿನಿಂದ ಅಕ್ಕ ಬಳ್ಳಿಗೆ ಕಟ್ಟುವ ಒಂದೊಂದು ಗಂಟನ್ನೂ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ನೋಡುತ್ತ ನಿಲ್ಲುತ್ತಿದ್ದಳು. ಮನೆದೇವರ ಗುಡಿಯಲ್ಲಿ ಅಪ್ಪ ಹೂ ಕೇಳಿದಾಗ ದೇವರು ಒಪ್ಪಿದ ಗುರುತಾಗಿ ಬಲಗಡೆಯ ಹೂವೇ ಬಿತ್ತು. ಅದು ತೆಳ್ಳನೆಯ ಪುಸ್ತಕದಲ್ಲಿ ಇಪ್ಪತ್ತೇಳನೆಯದು. ಅಕ್ಕ ಅದನ್ನು ದಿನವೂ ನನ್ನಿಂದ ಓದಿಸುತ್ತಿದ್ದಳು.

ಕಾರ್ತಿಕದ ಎರಡನೆಯ ಸೋಮವಾರ ನಾವು ಗಂಡಿನ ಮನೆ ನೋಡಿ ಒಪ್ಪಿಗೆಯ ವೀಳ್ಯ ಬದಲಾಯಿಸಿಕೊಳ್ಳಲು ಹೊರಟೆವು. ಮದುವೆಯ ಹೆಣ್ಣು ಹೋಗುವ ಪದ್ಧತಿಯಿಲ್ಲ. ಅಪ್ಪ, ಅವ್ವ, ನಾನು. ನನ್ನ ಮಡಿಲ ಪಕ್ಕದಲ್ಲಿ ನಮ್ಮದೇ ತೋಟದ ಎಲೆಯ ಬುಟ್ಟಿ, ಕೈಯಲ್ಲಿ ಚೆಂಬು. ಬೆಳಗಿನ ಮಂಜಿನಲ್ಲಿ ಬಿಳಿಗಿರಿರಂಗನ ಬೆಟ್ಟ ನೆಲ ಬಿಟ್ಟು ಮೇಲೆದ್ದ ಹಾಗೆ ಕಾಣುತ್ತಿತ್ತು. ನಾವು ಎಷ್ಟು ಸಾಗಿದರೂ ಅದು ಅಷ್ಟೇ ದೂರದಲ್ಲಿ ನಮ್ಮ ಜೊತೆ ಬರುತ್ತಿತ್ತು. ದಾರಿಯಲ್ಲಿ ಒಂಬತ್ತು ಸಲ ಎಲೆಗೆ ನೀರು ಚಿಮುಕಿಸಿದೆ.

ಅಲ್ಲಿ ಮನೆಯ ಯಜಮಾನಿಕೆ ಹುಡುಗನ ಅಜ್ಜಿಯದು. ದೊಡ್ಡವರು ಮಾತಿಗೆ ಕೂತಾಗ ಅಜ್ಜಿ ನನ್ನನ್ನು ಹುಳದ ಮನೆಗೆ ಕರೆದುಕೊಂಡು ಹೋದಳು. ಕೈಕಾಲು ತೊಳೆಸಿದಳು. ಹುಳಗಳು ನಾಲ್ಕನೆಯ ಜ್ವರ ಎದ್ದಿವೆ, ಇನ್ನು ಆರೇಳು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತವೆ ಎಂದಳು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಹಿಪ್ಪುನೇರಳೆ ಸೊಪ್ಪು ಹಾಕುವುದು ಹೇಗೆಂದು ಒಂದು ತಟ್ಟೆಯಲ್ಲಿ ತೋರಿಸಿ, ‘ಈ ಸಾಲ್ಗೆ ಹಾಕ್ತಿರು ಕೂಸು, ಒಸಿ ಬತ್ತೀನಿ’ ಎಂದು ಅಡುಗೆಮನೆಗೆ ಹೋದಳು.

ಆ ಮಧ್ಯಾಹ್ನ ಈಗಲೂ ನನ್ನೊಳಗೆ ಮುಗಿದಿಲ್ಲ. ಕಿಟಕಿಗೆ ಗೋಣಿ ಕಟ್ಟಿದ್ದರಿಂದ ಒಳಗೆ ಕಂದು ಬಣ್ಣದ ಕತ್ತಲು. ಎಡಕ್ಕೊಂದು ಬಲಕ್ಕೊಂದು ಸಾಲಿನಲ್ಲಿ ಒಂದರ ಮೇಲೊಂದು ಬಿದಿರ ತಟ್ಟೆಗಳು. ಸಾವಿರಾರು ಬಾಯಿಗಳು ಸೊಪ್ಪು ಕೊರೆಯುವ ಸದ್ದು, ಯಾರೋ ಪಕ್ಕದ ಕೋಣೆಯಲ್ಲಿ ಹೊಸ ಸೀರೆ ಮಡಿಸುತ್ತಲೇ ಇದ್ದ ಹಾಗೆ. ನನಗೆ ನಿಂತಲ್ಲೇ ಜೊಂಪು ಹತ್ತಿತು. ಬೆಳಿಗ್ಗೆ ಕೊಯ್ದ ಸೊಪ್ಪು ಬುಟ್ಟಿಯಲ್ಲಿ ಬಾಡಿತ್ತು. ಮೂಲೆಯಲ್ಲಿ ಹಂಡೆ, ಹಂಡೆಯ ಮೇಲೆ ಚೆಂಬು. ನಾನು ಸೊಪ್ಪನ್ನು ಚೆನ್ನಾಗಿ ನೆನೆಸಿ, ಹಸನು ಮಾಡಿ, ಪ್ರೀತಿಯಿಂದ ಹಾಕಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು.

ಐದು ದಿನ ಕಳೆದ ಮೇಲೆ ಮಾವ ಸೈಕಲ್ಲಿನಲ್ಲಿ ಬಂದರು. ಒಳಗೆ ಬಾರದೆ ಜಗಲಿಯ ತುದಿಯಲ್ಲಿ ಕೂತರು.

‘ಬಾವ, ಒಂದು ಮಾತದೆ. ಹೇಳೋಕೆ ನಾಲ್ಗೆ ಬತ್ತಿಲ್ಲ.’

‘ನಾಲ್ಗೆ ಬರ್ದೇನೇ ಇಷ್ಟು ದೂರ ತುಳ್ಕಂಡು ಬಂದ್ಯಾ? ಹೇಳು’ ಎಂದರು ಅಪ್ಪ.

‘ಅವ್ರ ಹುಳ ಓಯ್ತು. ಎಡಗಡೆ ಸಾಲು ಏಳು ತಟ್ಟೆ, ಮೆತ್ತಗಾಗಿ ಕಪ್ಪಿಟ್ಕಂಡು ನಾರ್ತಾವೆ. ಎತ್ತಿ ಆಚೆಗಾಕವ್ರೆ. ಇಪ್ಪತ್ತು ವರ್ಸದಿಂದ ಆ ಮನೇಲಿ ಹುಳ ಕೆಟ್ಟಿರ್ನಿಲ್ವಂತೆ. ವೀಳ್ಯ ಮಾಡ್ಕಂಡ ಐದ್ನೇ ದಿನ್ಕೇ ಹಿಂಗಾಯ್ತು, ಹೆಣ್ಣಿನ ಕಾಲ್ಗುಣ ಅಂತ ಅಜ್ಜಿ ಕುಂತವ್ಳೆ. ವೀಳ್ಯ ವಾಪಸ್ ಕಳುಸ್ತೀನಿ ಅಂತಾವ್ಳೆ.’

ಅವ್ವ ಬಾಗಿಲಿಗೆ ಬಂದಳು. ‘ನನ್ ಮಗಳು ಆ ಮನೆ ಹೊಸ್ಲೇ ತುಳ್ದಿಲ್ಲ ಕಣೋ. ಕಾಲಿಡ್ದೆ ಇರೋಳ್ಗೆ ಎಂತಾ ಕಾಲ್ಗುಣ?’

‘ನಾನೂ ಅದ್ನೇ ಅಂದೆ ಅಕ್ಕ. ಮಾತು ಬಂದ್ಮೇಲೆ ಕಾಲೂ ಬಂದಂಗೇಯಾ ಅಂತದೆ ಆ ಮುದುಕಿ. ಅವಳ್ ತಾವ ವಾದ ಮಾಡೋಕಾದದಾ?’

ಅಕ್ಕ ಒಳಗೆ ಎಲೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆಮೇಲೆ ನಾನು ಅವಳು ಆಗ ಕಟ್ಟಿದ ಕಟ್ಟನ್ನು ಬಿಚ್ಚಿ ಎಣಿಸಿದೆ. ತೊಂಬತ್ತಮೂರು ಎಲೆ ಇದ್ದವು. ಅಕ್ಕನ ಕಟ್ಟು ಅದಕ್ಕೆ ಮುಂಚೆ ಎಂದೂ ತಪ್ಪಿರಲಿಲ್ಲ.

ನಾನು ತೆಳ್ಳನೆಯ ಪುಸ್ತಕ ತೆಗೆದುಕೊಂಡು ಮೂಲೆಗೆ ಹೋದೆ. ಕಾಲ್ಗುಣವನ್ನು ಎಲ್ಲಿ ಬರೆಯುವುದು? ಯೋಚಿಸಿದಷ್ಟೂ ಅದು ಯೋಗಾಯೋಗವೇ ಎನಿಸಿತು; ಎರಡು ಸಂಗತಿ ಒಟ್ಟಿಗೆ ಆಗಿವೆ, ನಡುವೆ ಏನೂ ಇಲ್ಲ. ವ್ಯತ್ಯಾಸ ಒಂದೇ. ಯೋಗಾಯೋಗ ಯಾರದೂ ಅಲ್ಲ. ಅದಕ್ಕೆ ಒಬ್ಬಳ ಕಾಲನ್ನು ಅಂಟಿಸಿದರೆ ಕಾಲ್ಗುಣವಾಗುತ್ತದೆ. ಇಷ್ಟು ದಿನ ನಾನು ಬರೆದದ್ದೆಲ್ಲ ಒಳ್ಳೆಯದೇ ಆಗಿತ್ತು, ಆದ್ದರಿಂದ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೂ ಲೆಕ್ಕ ಲೆಕ್ಕವೇ ಎಂದು ಮೂವತ್ತೆರಡು ಎಂದು ಸಂಖ್ಯೆ ಹಾಕಿದೆ. ವೀಳ್ಯದ ದಿನದ ತಾರೀಖು ಖಚಿತಪಡಿಸಿಕೊಳ್ಳಲು ದಪ್ಪನೆಯ ದಿನಚರಿ ತೆರೆದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರ:

‘ಹುಳದ ಮನೆ. ಎಡಗಡೆ ಸಾಲು. ಏಳು ತಟ್ಟೆಗೆ ಸೊಪ್ಪು ಹಾಕಿದೆ. ನೀರು ಒಂದೂವರೆ ಚೆಂಬು.’

ಏಳು ಎಂಬ ಅಂಕಿಯನ್ನು ಬಹಳ ಹೊತ್ತು ನೋಡಿದೆ. ಮೊದಲು ಇದೂ ಒಂದು ಯೋಗಾಯೋಗ ಎನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆಮೇಲೆ ಜಗಲಿಗೆ ಓಡಿದೆ. ಮಾವ ಇನ್ನೂ ಹೋಗಿರಲಿಲ್ಲ. ‘ಮಾವ, ಹುಳದ ಸೊಪ್ಪಿಗೆ ನೀರು ಚಿಮುಕಿಸ್ತಾರಾ?’ ಎಂದು ಕೇಳಿದೆ.

‘ಅದೇನು ನಿಮ್ಮಪ್ಪನ ಎಲೆ ಬುಟ್ಟಿಯಾ ಕೂಸು? ಮಂಜು ಕುಂತ ಸೊಪ್ಪನ್ನೇ ಆರಾಕಿ ಹಾಕ್ತಾರೆ. ಒದ್ದೆ ಸೊಪ್ಪು ತಿಂದ್ರೆ ಹುಳ ಬದುಕ್ತದಾ?’ ಎಂದು ನಕ್ಕು ಸೈಕಲ್ ಹತ್ತಿದರು.

ಮೊದಲು ಅಕ್ಕನಿಗೆ ಹೇಳಿದೆ, ಬಳ್ಳಿಗಳ ನಡುವೆ ನಿಂತು, ದಿನಚರಿಯ ಆ ಸಾಲನ್ನು ಓದಿ. ಅವಳು ಬಯ್ಯಲಿಲ್ಲ. ‘ಹಂಗಾರೆ ನಂದಲ್ವಲ್ಲ’ ಎಂದು ಮೆಲ್ಲಗೆ ತನ್ನ ಪಾದಗಳ ಕಡೆ ನೋಡಿಕೊಂಡಳು. ಐದು ದಿನದ ಹಿಂದೆ ಆ ಪಾದಗಳು ಮನೆಯಲ್ಲೇ ಇದ್ದವು ಎಂದು ಅವಳಿಗೂ ಗೊತ್ತಿತ್ತು. ಆದರೂ ಈ ಒಂದು ಸಂಜೆಯಲ್ಲೇ ಅವಳು ಅವುಗಳನ್ನು ಅನುಮಾನಿಸಿದ್ದಳು. ಬಳ್ಳಿಯ ಒಂದು ಗಂಟನ್ನು ಬಿಗಿದು ಕೇಳಿದಳು: ‘ಹುಳಕ್ಕೆ ನೀನು ನೀರು ಹಾಕಿದ್ದಿ. ದೇವರ ಹೂವು ಬಿದ್ದದ್ದಕ್ಕೂ ಹಿಂಗೇ ಯಾರಾದ್ರೂ ಇದ್ದಾರೇನೇ?’

‘ಗೊತ್ತಿಲ್ಲಕ್ಕ.’

‘ಅದನ್ನ ಹುಡುಕಬೇಡ’ ಎಂದಳು.

ಹೂವನ್ನು ಹುಡುಕಲಿಲ್ಲ. ಉಳಿದವನ್ನು ಹುಡುಕಿದೆ. ಹನೂರಿನವರೂ ಸತ್ತೇಗಾಲದವರೂ ಒಂದೇ ಮದುವೆಗೆ ಎಲೆ ಒಯ್ಯಲು ಬಂದಿದ್ದರೆಂದು ಅಪ್ಪ ಹೇಳಿದರು, ಅದನ್ನು ಹೊಡೆದುಹಾಕಿದೆ. ಬಿಳಿ ಕರುವಿಗೆ ಕಾರಣ ಸಿಗಲಿಲ್ಲ. ಅದು ಹಾಗೇ ಉಳಿದಿದೆ.

ಅಪ್ಪನಿಗೆ ಹೇಳಿದಾಗ ಅವರು ಎತ್ತಿಗೆ ಹುಲ್ಲು ಹಾಕುತ್ತಿದ್ದರು. ‘ನಾಳೆ ಗಾಡಿ ಕಟ್ತೀನಿ. ನೀನೇ ಹೇಳ್ಬೇಕು, ನಾನು ಹೇಳಲ್ಲ’ ಎಂದರು.

ಮರುದಿನ ನಾವು ಗಾಡಿ ಇಳಿದಾಗ ಅಜ್ಜಿ ಅಂಗಳದಲ್ಲಿ ಖಾಲಿ ತಟ್ಟೆಗಳನ್ನು ಬಿಸಿಲಿಗೆ ಒಡ್ಡುತ್ತಿದ್ದಳು. ಮಾತಾಡಿಸಲಿಲ್ಲ, ಕೂರಿ ಎನ್ನಲಿಲ್ಲ. ನಾನು ತಟ್ಟೆಗಳನ್ನು ಎಣಿಸಿದೆ. ಎಣಿಸದೆ ಇರಲು ಆಗಲಿಲ್ಲ.

‘ಅಜ್ಜಿ, ನೀರು ಹಾಕಿದ್ದು ನಾನು.’

‘ಯಾವ ನೀರು ಕೂಸು?’

ದಿನಚರಿ ತೆರೆದು ಓದಿದೆ. ಅವಳು ಇನ್ನೊಂದು ಸಲ ಓದು ಎಂದಳು. ಓದಿದೆ.

‘ಒಂದೂವರೆ ಚೆಂಬು’ ಎಂದಳು ಅಜ್ಜಿ. ‘ಯಾಕವ್ವ ಹಾಕ್ದೆ?’

‘ಬಾಡಿತ್ತು. ನಮ್ಮನೇಲಿ ಎಲೆಗೆ ಹಂಗೇ ಮಾಡೋದು.’

‘ಬಲಗಡೆ ಸಾಲ್ಗೆ?’

‘ಅಷ್ಟೊತ್ತಿಗೆ ಊಟಕ್ಕೆ ಕರೆದ್ರು.’

‘ಊಟಕ್ಕೆ ಕರ್ದೋರು ಪುಣ್ಯಾತ್ಮರು’ ಎಂದು ಅಜ್ಜಿ ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಒರಗಿಸಿದಳು. ಬಿಸಿಲು ತಟ್ಟೆಯ ಹೆಣಿಗೆಯಲ್ಲಿ ತೂರಿ ಅವಳ ಸೀರೆಯ ಮೇಲೆ ಸಣ್ಣ ಸಣ್ಣ ಚೌಕವಾಗಿ ಬಿದ್ದಿತ್ತು. ಕೊನೆಗೆ ಅಪ್ಪನ ಕಡೆ ತಿರುಗಿದಳು.

‘ಇವಳ್ನ ಒಬ್ಬಳ್ನೇ ಒಳಗೆ ಬುಟ್ಟೋಳು ನಾನು. ಸೊಪ್ಪು ಮುಟ್ಟಿ ನೋಡ್ಬೇಕಾದೋಳೂ ನಾನು. ಅದ ಬುಟ್ಟು ಯಾರ ಕಾಲು, ಯಾರ ಕಣ್ಣು ಅಂತ ಕುಂತಿದ್ದೆ. ಈ ವಯಸ್ನಲ್ಲಿ.’

ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ‘ತಪ್ಪು ನಮ್ ಕೂಸಿಂದೇ ತಾಯಿ.’

‘ಕೂಸಿಂದೇ. ಇಲ್ಲ ಅಂದ್ನಾ? ದಿಬ್ಬಣದಲ್ಲಿ ಇವಳ್ನ ಕರ್ಕಂಡ್ ಬರುವಾಗ ಕೈ ಹಿಡ್ಕಂಡೇ ಬನ್ನಿ.’

ದಿಬ್ಬಣ ಎಂಬ ಮಾತು ಕೇಳಿ ಅಪ್ಪ ತಲೆ ಎತ್ತಿದರು.

‘ಮುಂದಿನ ಮೊಟ್ಟೆ ಈ ವಾರ ಬತ್ತದೆ. ಗೂಡು ಬಿಡಿಸಿದ್ಮೇಲೆ ಲಗ್ನ’ ಎಂದಳು ಅಜ್ಜಿ.

‘ಆ ಬೆಳೇನೂ ಕೆಟ್ರೆ?’ ಅಪ್ಪ ಮೆಲ್ಲಗೆ ಕೇಳಿದರು.

‘ಕೆಟ್ರೆ ಹುಳ ಕೆಡ್ತದೆ. ಮದುವೆ ಯಾಕೆ ಕೆಡ್ತದೆ?’

ಹುಡುಗ ಸೊಪ್ಪಿನ ಹೊರೆ ಇಳಿಸಿ ಬಾಗಿಲ ಬಳಿ ನಿಂತಿದ್ದ. ನಾನು ಗಾಡಿ ಹತ್ತುವಾಗ ಹತ್ತಿರ ಬಂದು, ‘ನಿಮ್ಮಕ್ಕ ಅತ್ರಾ?’ ಎಂದು ಕೇಳಿದ.

‘ಇಲ್ಲ. ಎಣಿಕೆ ತಪ್ಪಿದಳು. ನೂರಕ್ಕೆ ತೊಂಬತ್ತಮೂರು.’

ಅವನು ಅದನ್ನು ಎಲ್ಲೋ ಒಳಗೆ ಬರೆದುಕೊಂಡ ಹಾಗೆ ತಲೆಯಾಡಿಸಿದ.

ಹಿಂದಿರುಗುವಾಗ ಬೆಟ್ಟ ನಮ್ಮ ಬೆನ್ನಿಗಿತ್ತು. ಅಪ್ಪ ತೂಕಡಿಸುತ್ತಿದ್ದರು, ಎತ್ತುಗಳು ತಾವೇ ದಾರಿ ಹಿಡಿದಿದ್ದವು. ಆದದ್ದಕ್ಕೆಲ್ಲ ಯಾವ ಪದ ಹೊಂದುತ್ತದೆಂದು ಒಂದೊಂದಾಗಿ ಹೇಳಿಕೊಂಡು ನೋಡಿದೆ. ಯಾವುದೂ ಹೊಂದಲಿಲ್ಲ. ಗಾಡಿಯ ಕುಲುಕಾಟದಲ್ಲಿ ಪದಗಳೆಲ್ಲ ಅರ್ಥ ಕಳಚಿ ಬರಿಯ ಸದ್ದಾದವು.

ಮನೆ ಸೇರಿದಾಗ ಅಕ್ಕ ತೋಟದ ಬೇಲಿಯ ಹತ್ತಿರ ನಿಂತಿದ್ದಳು. ಅವಳು ಕೇಳುವ ಮುಂಚೆ ನಾನೇ, ‘ಗೂಡು ಬಿಡಿಸಿದ ಮೇಲೆ ಲಗ್ನವಂತೆ. ಬೆಳೆ ಆದರೂ ಸರಿ, ಆಗದಿದ್ದರೂ ಸರಿ’ ಎಂದೆ.

ಅವಳು ಬೇಲಿಯ ಗಳವನ್ನು ಹಿಡಿದುಕೊಂಡಳು. ‘ಅಂದ್ರೆ ಎಷ್ಟು ದಿನ?’

ಬೆರಳು ಮಡಿಸಿ ಎಣಿಸಿದೆ. ಮೊಟ್ಟೆ ಒಡೆಯಲು ಹತ್ತು. ನಾಲ್ಕು ಜ್ವರ ಕಳೆದು ಹಣ್ಣಾಗಲು ಇಪ್ಪತ್ತೇಳು. ಗೂಡು ಕಟ್ಟಿ ಗಟ್ಟಿಯಾಗಲು ಐದು. ಒಟ್ಟು ನಲವತ್ತೆರಡು.

‘ಇನ್ನೊಂದು ಸಲ ಎಣಿಸು’ ಎಂದಳು ಅಕ್ಕ, ‘ನಿಧಾನವಾಗಿ.’