ಓದಿಸಿದ ಖರ್ಚಿಗೆ ಅಡಗಿದ ಹಸು

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಮ್ಮಲ್ಲಿ ವಿಶ್ವವಿದ್ಯಾಲಯ ಇರಲಿಲ್ಲ. ಸರ್ಕಾರವೇ ದುಡ್ಡು ಕೊಟ್ಟು ಕೆಲವರನ್ನು ಮೈಸೂರಿನಲ್ಲಿ ಓದಿಸಿತ್ತು. ಆ ಖರ್ಚಿಗೆ ತಕ್ಕಷ್ಟು ಅವರು ಈಗ ಸಂಪಾದಿಸುತ್ತಿದ್ದಾರೋ ಇಲ್ಲವೋ ವಿಚಾರಿಸಿಕೊಂಡು ಬಾ ಎಂದು ನಾನು ಕೆಲಸಕ್ಕಿದ್ದ ಸರ್ಕಾರಿ ಕಚೇರಿಯವರು ನನ್ನನ್ನು ಕಳಿಸಿದರು.

ನೆಲ್ಯಹುದಿಕೇರಿ ಎಂಬ ಊರಿನಲ್ಲಿ ಹಾಗೆ ಸರ್ಕಾರದ ದುಡ್ಡಲ್ಲಿ ಬಿ.ಎ. ಮಾಡಿದ ಮೇಷ್ಟ್ರೊಬ್ಬರಿದ್ದರು. ದಾರಿ ತೋರಿಸಲಿ ಎಂದು ಕಂದಾಯ ವಸೂಲಿಯ ಪಾರುಪತ್ಯಗಾರರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ನಾನು ಎಡವಿದ್ದು ಅಲ್ಲೇ.

ಮೇಷ್ಟ್ರ ತಾಯಿ ಬೆಲ್ಲದ ಕಾಫಿ ತಂದಿಟ್ಟರು. “ಹಾಲಿಲ್ಲ ಸ್ವಾಮಿ, ಕರೀಕಾಫೀನೇ ಕುಡೀಬೇಕು.”

ನಾನು ಮೇಷ್ಟ್ರ ಸಂಬಳ ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಹಿತ್ತಲಾಚೆ, ಕಾಫಿ ಗಿಡಗಳ ನಡುವಿನಿಂದ ಹಸುವೊಂದು ‘ಅಂಬಾ’ ಎಂದಿತು. ತಾಯಿಯ ಮುಖ ಬಿಳಿಚಿಕೊಂಡಿತು.

“ಅವನ ಸಂಬಳ ಕಮ್ಮಿನೇ ಸ್ವಾಮಿ. ಓದಿಸಿದ ದುಡ್ಡಿಗೆ ಅಂತ ಹಸು ಮಾತ್ರ ಹೊಡ್ಕೊಂಡು ಹೋಗಬೇಡಿ” ಎಂದು ಕೈಮುಗಿದರು.

ಪಾರುಪತ್ಯಗಾರರು ಮನೆ ಬಾಗಿಲಿಗೆ ಬಂದರೆ ಅದು ಜಪ್ತಿಗೇ ಎಂದು ಊರಿಗೆಲ್ಲ ಗೊತ್ತಿತ್ತು. ಜೀಪಿನ ಸದ್ದು ಕೇಳುತ್ತಲೇ ಆಕೆ ಹಸುವನ್ನು ಅಡಗಿಸಿಬಿಟ್ಟಿದ್ದರು. “ಅದಕ್ಕಲ್ಲಮ್ಮ, ಅದಕ್ಕಲ್ಲ” ಎಂದು ತೊದಲಿದೆ. ಕಾಫಿ ಲೋಟ ಕೆಳಗಿಟ್ಟು ಎದ್ದೆ.

ಜೀಪಿನವರೆಗೆ ಬಂದ ಮೇಷ್ಟ್ರು ಮೆಲ್ಲಗೆ ಕೇಳಿದರು, “ನೀವೂ ಸರ್ಕಾರದ ದುಡ್ಡಲ್ಲೇ ಓದಿದ್ದಾ ಸಾರ್?”

“ಹೌದು.”

“ಸಂಬಳ ಚೆನ್ನಾಗಿರಬೇಕು.”

ನಾನು ಜೀಪು ಹತ್ತಿದೆ.

ಕಚೇರಿಯ ಲೆಕ್ಕದಲ್ಲಿ ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟ್ರು ನಷ್ಟದ ಕಡೆಗೆ ಬಿದ್ದರು. ಅವರ ತಾಯಿಯನ್ನು ಹೆದರಿಸಿ ಬಂದ ನಾನು, ಲಾಭದ ಕಡೆಗೆ.