ಗಾರೆಗೆ ಹಾಕಿದ ಬೆಲ್ಲ

ಸಿಮೆಂಟಿನ ಪರ್ಮಿಟ್ಟಿಗಾಗಿ ಜನ ಅಲೆಯುತ್ತಿದ್ದ ಆ ವರ್ಷಗಳಲ್ಲಿ ಶಿರಾದ ಹಳೇ ಇಟ್ಟಿಗೆ ಮನೆಗಳಿಗೆ ಕದರಮ್ಮ ಅರೆದ ಸುಣ್ಣದ ಗಾರೆಯೇ ಗತಿಯಾಗಿತ್ತು. ಗಂಡ ತೀರಿಕೊಂಡ ಮೇಲೆ ಕಳ್ಳಂಬೆಳ್ಳದಿಂದ ಬಂದು ಈ ಕೆಲಸಕ್ಕೆ ನಿಂತವಳು. ತೋಳಿನಷ್ಟೇ ಬಾಯಿಯೂ ಗಟ್ಟಿ. ಮೇಸ್ತ್ರಿಗಳೂ ಅವಳಿಗೆ ಎದುರಾಡುತ್ತಿರಲಿಲ್ಲ.

ಅಂಥವಳ ಬಾಯಿ ಕಟ್ಟಿಹೋದದ್ದು ಅಮೀರ್ ಬಿಯ ಮನೆಯಲ್ಲಿ. ಅಲ್ಲಿ ಇಟ್ಟಿಗೆ ಸಂದುಗಳ ಹಳೇ ಗಾರೆ ಪುಡಿಯಾಗಿ ಉದುರುತ್ತಿತ್ತು. ಮೇಸ್ತ್ರಿ ಅದನ್ನೆಲ್ಲ ಕೆರೆದು ತೆಗೆದು, ಸಂದುಗಳಿಗೆ ನೀರು ಕುಡಿಸಿ, ಹೊಸ ಗಾರೆ ತುಂಬಿದ. ಗಾರೆ ಬಿಗಿಯಾಗಲೆಂದು ಅಮೀರ್ ಬಿ ಕೊಟ್ಟಿದ್ದ ಬೆಲ್ಲವನ್ನು ಕದರಮ್ಮ ನೀರಲ್ಲಿ ಕರಗಿಸಿ, ಸುಣ್ಣಕ್ಕೆ ಸೇರಿಸಿ ಅರೆದಿದ್ದಳು. ಸಂಜೆ ಬೆಲ್ಲದ ಮಡಕೆ ಖಾಲಿಯಾದದ್ದು ನೋಡಿ ಅಮೀರ್ ಬಿ ಹುಬ್ಬು ಗಂಟಿಕ್ಕಿದಳು.

"ಬೆಲ್ಲ ಗಾರೆಗೆ ಹಾಕ್ದ್ಯೋ, ಮಡ್ಲಿಗೆ ಹಾಕ್ಕಂಡ್ಯೋ?"

ಗೋಡೆಯೊಳಗೆ ಸೇರಿಹೋದ ಬೆಲ್ಲವನ್ನು ತೆಗೆದು ತೋರಿಸುವುದು ಹೇಗೆ? ಕದರಮ್ಮ ಗಾರೆ ಅರೆಯುವ ತನ್ನ ಗುಂಡುಕಲ್ಲನ್ನೂ ಅಲ್ಲೇ ಬಿಟ್ಟು ಹೊರಟುಬಂದಳು. ಕಳ್ಳಿ ಅನ್ನಿಸಿಕೊಂಡವಳನ್ನು ಇನ್ನು ಯಾರು ಕೆಲಸಕ್ಕೆ ಕರೆದಾರು?

ಎರಡು ದಿನ ಬಿಟ್ಟು, ಅಲ್ಲೇ ಉಳಿದಿದ್ದ ತನ್ನ ಗುಂಡುಕಲ್ಲು ತರಲು ಹೋದಳು. ಅಮೀರ್ ಬಿ ಪೊರಕೆ ಹಿಡಿದು ಗೋಡೆಯ ಮುಂದೆ ನಿಂತಿದ್ದಳು. ಹೊಸ ಗಾರೆ ತುಂಬಿದ ಸಂದುಸಂದಿನಲ್ಲೂ ಇರುವೆಗಳು ಸಾಲುಗಟ್ಟಿದ್ದವು. ಕದರಮ್ಮನಿಗೆ ಹೋದ ಉಸಿರು ಬಂದಂತಾಯಿತು. ಉಸಿರಿನ ಹಿಂದೆಯೇ ಬಾಯಿಯೂ ಬಂತು.

ಅವಳ ಮುಖ ನೋಡಲಾರದೆ ಅಮೀರ್ ಬಿ ಪೊರಕೆ ಎತ್ತಿದಳು.

"ಗುಡಿಸ್ಬ್ಯಾಡ ಕಣ್ ಬೂಬಮ್ಮ," ಎಂದಳು ಕದರಮ್ಮ. "ಮಧುಗಿರಿ ಕೋರ್ಟಿಗೆ ಹೋಗಿದ್ರೂ ಇಷ್ಟು ಜನ ಸಾಕ್ಷಿ ನಂಗೆ ಸಿಗ್ತಿರ್ಲಿಲ್ಲ. ಹೊಟ್ಟೆ ತುಂಬ ತಿಂದು ಹೋಗ್ಲಿ ಬುಡು."