ಲಕ್ಕಯ್ಯನ ಬಿಳಿಬಂಡೆ

ಹಳೇಕೋಟೆಯ ಲಕ್ಕಯ್ಯನಿಗೆ, ವಿಮಾನಗಳೆಲ್ಲ ತನ್ನ ಹೊಲದ ಹೆಬ್ಬಂಡೆಯನ್ನು ನೋಡಿಕೊಂಡೇ ದಾರಿ ಹಿಡಿಯುತ್ತವೆಂಬ ನಂಬಿಕೆ. ವರ್ಷವರ್ಷವೂ ಮಳೆ ಬಿಟ್ಟೊಡನೆ ಬಂಡೆಗೆ ಸುಣ್ಣ ಬಳಿಯುತ್ತಿದ್ದನು. ಮನೆಯ ಗೋಡೆಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. “ಅವರಿಗೆ ದಿಕ್ಸೂಚಿಯಿದೆ, ರೇಡಿಯೋ ಇದೆ ಲಕ್ಕಯ್ಯ” ಎಂದು ಶಾಲೆಯ ಮೇಷ್ಟ್ರಾದ ನಾನು ತಿಳಿಸಿದರೆ, “ರೇಡಿಯೋ ಕೆಟ್ಟೋಯ್ತದೆ ಸಾ, ಬಂಡೆ ಕೆಟ್ಟದಾ?” ಎನ್ನುವನು. ಹೆಂಡತಿ ಹೊನ್ನಕ್ಕ, “ಇವ್ರನ್ನ ಕೇಳ್ಕಂಡೇ ಇಮಾನ ಎಡಕ್ಕೆ ತಿರುಗೋದು!” ಎಂದು ಛೇಡಿಸುವಳು. ಯುದ್ಧಕಾಲದಲ್ಲಿ ಅವನ ತಮ್ಮನಿದ್ದ ವಿಮಾನವು ದಾರಿತಪ್ಪಿ, ಮರಳಲೇ ಇಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಲಕ್ಕಯ್ಯನು ಚಳಿಜ್ವರದಿಂದ ಮಲಗಿದ ವರ್ಷ ನಾನು ಅವನ ಹೊಲದ ಕಡೆ ಹೋದಾಗ, ಸೀರೆ ಎತ್ತಿಕಟ್ಟಿ ಬಂಡೆಯೇರಿ ಸುಣ್ಣ ಬಳಿಯುತ್ತಿದ್ದವಳು ಹೊನ್ನಕ್ಕ. “ಯಾರ ಮನೆ ಮಕ್ಳೋ ಮೇಷ್ಟ್ರೇ, ದಾರಿ ತಪ್ಬಾರ್ದು. ನಮ್ಮನೆಯೋರ್ಗೆ ಯೋಳ್ಬ್ಯಾಡಿ, ಜಂಬ ಬಂದ್ಬುಡ್ತದೆ!” ಎಂದಳು.